ದೇಹದೊಳಗಿನ ಮೂವರು ಕಾವಲುಗಾರರು: ನಮ್ಮ ಬಿ.ಪಿ. ಹತೋಟಿಯಲ್ಲಿರುವುದು ಹೇಗೆ?

(ಸಂಘದ ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಐ.ಟಿ. ಕಂಪನಿಯಲ್ಲಿ ಕೆಲಸ ಮಾಡುವವಳು. ಎಂ.ಟೆಕ್.ನಲ್ಲಿ ನಾನು ಓದಿದ ವಿಷಯ ನಿಯಂತ್ರಣ ವ್ಯವಸ್ಥೆಗಳು. ಅಂದರೆ ಒಂದು ಯಂತ್ರ ತನ್ನ ಬಿಸಿಯನ್ನೋ ವೇಗವನ್ನೋ ಒತ್ತಡವನ್ನೋ ತಾನೇ ಅಳೆದುಕೊಂಡು, ತಾನೇ ಸರಿಪಡಿಸಿಕೊಳ್ಳುವುದು ಹೇಗೆ ಎಂಬ ಶಾಸ್ತ್ರ. ಫ್ರಿಜ್, ಇಸ್ತ್ರಿಪೆಟ್ಟಿಗೆ, ಏ.ಸಿ. ಎಲ್ಲದರೊಳಗೂ ಅದೇ ಇದೆ. ಆ ಪಾಠ ಓದುವಾಗ ನಮ್ಮ ಪ್ರಾಧ್ಯಾಪಕರು ಉದಾಹರಣೆಗೆ ಎತ್ತಿಕೊಂಡದ್ದು ಮನುಷ್ಯನ ರಕ್ತದೊತ್ತಡವನ್ನು. ಅಂದಿನಿಂದ ನನಗೆ ಈ ವಿಷಯದ ಹುಚ್ಚು. ಚಿಕಿತ್ಸೆಯ ಮಾತನ್ನು ನಿಮ್ಮ ಡಾಕ್ಟರೇ ಹೇಳಬೇಕು. ದೇಹ ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಅದು ಗೊತ್ತಾದರೆ, ಡಾಕ್ಟರು ಹೇಳುವ ಎಷ್ಟೋ ಮಾತುಗಳ ಹಿಂದಿನ ಕಾರಣವೂ ಗೊತ್ತಾಗುತ್ತದೆ.

ನಮ್ಮ ಕೂಟಗಳಲ್ಲಿ ನಾನು ಪದೇ ಪದೇ ಕೇಳುವ ಮೂರು ಮಾತುಗಳಿವೆ. ಒಂದು, 'ನನಗೇನೂ ಆಗ್ತಾ ಇಲ್ಲ, ಬಿ.ಪಿ. ಹೇಗಿರುತ್ತೆ?' ಎರಡು, 'ಈಗ ನಾರ್ಮಲ್ ಬಂದಿದೆ, ಮಾತ್ರೆ ಯಾಕೆ?' ಮೂರು, 'ಒಮ್ಮೆ ಶುರು ಮಾಡಿದ್ರೆ ಬಿಡೋಕಾಗಲ್ಲ, ಅದಕ್ಕೇ ಶುರು ಮಾಡಿಲ್ಲ.' ಇವತ್ತಿನ ಮಾತು ಈ ಮೂರಕ್ಕೂ ಉತ್ತರ ಎಂದುಕೊಳ್ಳಿ.

ಒತ್ತಡ ಅಂದರೆ ಏನು?

1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಪುಸ್ತಕ ಪ್ರಕಟಿಸಿದರು. ಚರ್ಚಿನ ಕೆಲಸದ ಜೊತೆಗೆ ಗಿಡ, ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದು ಅವರ ಹವ್ಯಾಸ. ಒಂದು ಹೆಣ್ಣು ಕುದುರೆಯ ಅಪಧಮನಿಗೆ ಕೊಳವೆ ಜೋಡಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿದರು. ರಕ್ತ 8 ಅಡಿ 3 ಅಂಗುಲದವರೆಗೆ ಏರಿ, ಹೃದಯದ ಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿತ್ತು. ಲೋಕದಲ್ಲಿ ರಕ್ತದೊತ್ತಡವನ್ನು ಅಳೆದದ್ದು ಅದೇ ಮೊದಲು.

ಡಾಕ್ಟರು '120' ಎಂದಾಗ ಅದರ ಅರ್ಥ, ಆ ಒತ್ತಡ ಪಾದರಸವನ್ನು 120 ಮಿಲಿಮೀಟರ್ ಎತ್ತಬಲ್ಲದು ಎಂದು. ಪಾದರಸ ತುಂಬ ಭಾರ. ಅದರ ಬದಲು ರಕ್ತವನ್ನೇ ಎತ್ತುವುದಾದರೆ ಲೆಕ್ಕ ಸುಮಾರು 5 ಅಡಿಗೆ ಬರುತ್ತದೆ. ಅಂದರೆ ಈ ಸಭೆಯಲ್ಲಿ ಕೂತ ಪ್ರತಿಯೊಬ್ಬರ ಹೃದಯವೂ ಒಂದೊಂದು ಬಡಿತದಲ್ಲಿ ನಮ್ಮ ಎತ್ತರದಷ್ಟೇ ಎತ್ತರಕ್ಕೆ ರಕ್ತವನ್ನು ಚಿಮ್ಮಿಸುವಷ್ಟು ಬಲ ಹಾಕುತ್ತಿದೆ. ಇದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ನಡೆಯುತ್ತದೆ.

ಕುದುರೆಗೆ ಮಾಡಿದಂತೆ ನಮಗೆ ಕೊಳವೆ ಚುಚ್ಚಲಾಗದಲ್ಲ! 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ತಯಾರಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ಶಸ್ತ್ರವೈದ್ಯರು ಅದಕ್ಕೆ ಸ್ಟೆತಾಸ್ಕೋಪನ್ನು ಸೇರಿಸಿದರು. ಪಟ್ಟಿ ಬಿಗಿಯಾದಾಗ ರಕ್ತನಾಳ ಮುಚ್ಚಿಹೋಗಿ ಸದ್ದೇ ಇರುವುದಿಲ್ಲ. ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟಾಗ ರಕ್ತ ಮೊದಲ ಸಲ ನುಗ್ಗುವ 'ಟಕ್' ಎಂಬ ಸದ್ದು ಕೇಳುತ್ತದೆ. ಅದು ಮೇಲಿನ ಸಂಖ್ಯೆ, ಹೃದಯ ಹಿಂಡಿದಾಗಿನ ಒತ್ತಡ. ಸದ್ದು ಪೂರ್ತಿ ನಿಂತಾಗಿನದು ಕೆಳಗಿನ ಸಂಖ್ಯೆ, ಹೃದಯ ಸಡಿಲಗೊಂಡಾಗಿನ ಒತ್ತಡ.

ಇನ್ನು ಈ ಒತ್ತಡವನ್ನು ಏರಿಸಿ ಇಳಿಸುವುದು ಯಾವುದು? ನಮ್ಮ ಸೊಸೈಟಿಯ ನೀರಿನ ವ್ಯವಸ್ಥೆಯನ್ನೇ ನೆನಪಿಸಿಕೊಳ್ಳಿ. ಏಳನೆಯ ಮಹಡಿಯ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚಬೇಕಾದರೆ ಪಂಪು ಜೋರಾಗಿ ತಳ್ಳಬೇಕು, ಇಲ್ಲವೇ ಪೈಪು ಕಿರಿದಾಗಬೇಕು, ಇಲ್ಲವೇ ಒಳಗಿನ ನೀರೇ ಹೆಚ್ಚಬೇಕು. ದೇಹದಲ್ಲೂ ಹಾಗೆಯೇ. ಹೃದಯ ಪಂಪು, ಅದು ನಾವು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಸಣ್ಣ ಅಪಧಮನಿಗಳು ಪೈಪು. ರಕ್ತದಲ್ಲಿರುವ ಉಪ್ಪು ಮತ್ತು ನೀರು ಸೇರಿ ಅದರ ಪ್ರಮಾಣ.

ಇವುಗಳಲ್ಲಿ ಪೈಪಿನ ಲೆಕ್ಕ ಸ್ವಲ್ಪ ವಿಚಿತ್ರ. ಪೈಪಿನ ಅಗಲ ಅರ್ಧವಾದರೆ ತಡೆ ಎರಡು ಪಟ್ಟು ಆಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಆಗುವುದು 16 ಪಟ್ಟು. ಅಗಲ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೂ ಸಾಕು, ತಡೆ ಒಂದೂವರೆ ಪಟ್ಟಾಗುತ್ತದೆ. ಅದಕ್ಕೇ ದೇಹ ಸಣ್ಣ ರಕ್ತನಾಳಗಳ ಸುತ್ತ ಸ್ನಾಯುವಿನ ಉಂಗುರಗಳನ್ನಿಟ್ಟು, ಅವನ್ನು ಕೂದಲೆಳೆಯಷ್ಟು ಬಿಗಿದು, ಸಡಿಲಿಸಿ ಒತ್ತಡವನ್ನು ನಡೆಸುತ್ತದೆ.

ಈ ಪಂಪು, ಪೈಪು, ನೀರು ಮೂರನ್ನೂ ಕಾಯುವವರು ಮೂವರು. ಒಬ್ಬನ ಕೆಲಸ ಸೆಕೆಂಡುಗಳಲ್ಲಿ, ಇನ್ನೊಬ್ಬನದು ನಿಮಿಷ ಗಂಟೆಗಳಲ್ಲಿ, ಮೂರನೆಯವನದು ದಿನ ವಾರಗಳಲ್ಲಿ.

ಮೊದಲನೆಯ ಕಾವಲುಗಾರ: ಕುತ್ತಿಗೆಯಲ್ಲಿ ಕೂತ ನರಗಳು

ನೆಲದ ಮೇಲೆ ಕೂತು ಹೂವು ಕಟ್ಟುತ್ತಿರುತ್ತೀರಿ. ಬಾಗಿಲ ಗಂಟೆ ಹೊಡೆಯುತ್ತದೆ, ತಟ್ಟನೆ ಏಳುತ್ತೀರಿ. ಆ ಕ್ಷಣದಲ್ಲಿ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಬೀಳುತ್ತದೆ. ಹಾಗೇ ಬಿಟ್ಟಿದ್ದರೆ ಮಿದುಳಿಗೆ ರಕ್ತ ಸಾಲದೆ ಬಾಗಿಲು ತಲುಪುವ ಮೊದಲೇ ನಾವು ಬಿದ್ದುಬಿಡಬೇಕಿತ್ತು. ಆದರೆ ಬೀಳುವುದಿಲ್ಲ.

ಕಾರಣ ಇಲ್ಲಿದೆ. ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿಯಲ್ಲಿ ನಾಡಿ ಸಿಗುವ ಜಾಗದಲ್ಲಿ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಸ್ವಲ್ಪ ಉಬ್ಬಿಕೊಂಡಿದೆ. ಅದರ ಗೋಡೆಯಲ್ಲಿ ನರಗಳ ತುದಿಗಳಿವೆ. ಹೃದಯದಿಂದ ಹೊರಬೀಳುವ ಮಹಾಪಧಮನಿಯ ಬಾಗಿನಲ್ಲೂ ಅಂಥವೇ ಇವೆ. ಒತ್ತಡ ಹೆಚ್ಚಿದಾಗ ಗೋಡೆ ಹಿಗ್ಗುತ್ತದೆ, ನರಗಳು ಚುರುಕಾಗಿ ಸುದ್ದಿ ಕಳಿಸುತ್ತವೆ. ಒತ್ತಡ ಬಿದ್ದಾಗ ಸುದ್ದಿ ಕಡಿಮೆಯಾಗುತ್ತದೆ. ಮಿದುಳಿನ ಬುಡದಲ್ಲಿರುವ ಕೇಂದ್ರ ಆ ವ್ಯತ್ಯಾಸವನ್ನು ಗಮನಿಸಿ, ಒಂದೆರಡು ಬಡಿತಗಳೊಳಗೆ ಹೃದಯಕ್ಕೆ 'ಜೋರಾಗಿ ಹೊಡೆ' ಎಂದೂ, ರಕ್ತನಾಳಗಳಿಗೆ 'ಬಿಗಿದುಕೊಳ್ಳಿ' ಎಂದೂ ಆಜ್ಞೆ ಕೊಡುತ್ತದೆ. ನೀವು ಬಾಗಿಲು ತೆರೆದು ಕೊರಿಯರ್ ಹುಡುಗನಿಗೆ ಓಟಿಪಿ ಹೇಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ನರದ ತುದಿಗೆ ಎಳೆತ ತಿಳಿಯುವುದು ಹೇಗೆ ಎಂಬುದು ಬಹಳ ಕಾಲ ಒಗಟಾಗಿತ್ತು. ಅಮೆರಿಕದ ಆರ್ಡೆಮ್ ಪಟಾಪೂಟಿಯನ್ ಅವರ ತಂಡ 'ಪೀಜೋ' ಎಂಬ ಪ್ರೋಟೀನುಗಳನ್ನು ಕಂಡುಹಿಡಿಯಿತು. ಜೀವಕೋಶದ ಪೊರೆ ಎಳೆದಾಗ ತೆರೆದುಕೊಳ್ಳುವ ಪುಟ್ಟ ಬಾಗಿಲುಗಳು ಅವು. ಕುತ್ತಿಗೆಯ ಈ ನರಗಳಲ್ಲೂ ಕೆಲಸ ಮಾಡುವುದು ಅವೇ ಎಂದು 2018ರಲ್ಲಿ ತಿಳಿಯಿತು. ಅವರಿಗೆ 2021ರಲ್ಲಿ ನೊಬೆಲ್ ಬಂತು.

ವಯಸ್ಸಾದಂತೆ ರಕ್ತನಾಳದ ಗೋಡೆ ಗಟ್ಟಿಯಾಗಿ ಈ ಕಾವಲುಗಾರ ನಿಧಾನವಾಗುತ್ತಾನೆ. ಕೆಲವು ಮಾತ್ರೆಗಳೂ ಅವನ ಕೈ ಕಟ್ಟುತ್ತವೆ. ಆದ್ದರಿಂದ ಹಿರಿಯರೇ, ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಅವನಿಗೊಂದಿಷ್ಟು ಸಮಯ ಕೊಡಿ. ಮಗ್ಗುಲಾಗಿ, ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲಿ. ಎದ್ದಾಗಲೆಲ್ಲ ಕಣ್ಣು ಕತ್ತಲೆ ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಕೂತಾಗ ಮಾತ್ರವಲ್ಲ, ನಿಂತಾಗಲೂ ಅವರು ಬಿ.ಪಿ. ನೋಡುತ್ತಾರೆ.

ಎರಡನೆಯ ಕಾವಲುಗಾರ: ಹಾರ್ಮೋನುಗಳ ಸರಪಳಿ

1898ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಟೀಗರ್‌ಸ್ಟೆಟ್ ಎಂಬ ವಿಜ್ಞಾನಿ ತಮ್ಮ ವಿದ್ಯಾರ್ಥಿ ಬರ್ಗ್‌ಮನ್ ಜೊತೆ ಮೊಲದ ಮೂತ್ರಪಿಂಡವನ್ನು ಅರೆದು, ಅದರ ರಸವನ್ನು ಇನ್ನೊಂದು ಮೊಲಕ್ಕೆ ಕೊಟ್ಟರು. ಒತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ 'ರೆನಿನ್' ಎಂದು ಹೆಸರಿಟ್ಟರು. ಮೂತ್ರ ಸೋಸುವ ಕಿಡ್ನಿಗೂ ಬಿ.ಪಿ.ಗೂ ನಂಟಿದೆ ಎಂಬ ಸುಳಿವು ಅಲ್ಲಿ ಸಿಕ್ಕಿತು. ಆ ಕಾಲದಲ್ಲಿ ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳವನ್ನು ಕ್ಲಿಪ್ಪಿನಿಂದ ಸ್ವಲ್ಪ ಒತ್ತಿ, ಇಡೀ ದೇಹದ ಬಿ.ಪಿ. ಏರುವುದನ್ನು ತೋರಿಸಿದ ಮೇಲೆ ಎಲ್ಲರೂ ಕಿಡ್ನಿಯ ಕಡೆ ತಿರುಗಿದರು.

ಸರಪಳಿ ಹೀಗಿದೆ. ತನಗೆ ಬರುವ ರಕ್ತದ ಒತ್ತಡ ಕಡಿಮೆ ಎನಿಸಿದರೆ ಕಿಡ್ನಿ ರೆನಿನ್ ಬಿಡುತ್ತದೆ. ಯಕೃತ್ತು ತಯಾರಿಸಿ ರಕ್ತದಲ್ಲಿ ತೇಲಿಬಿಟ್ಟ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡನ್ನು ಹೆಚ್ಚಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಇನ್ನೊಂದು ಕಿಣ್ವ ಮತ್ತೆ ಕತ್ತರಿಸುತ್ತದೆ. ಕೊನೆಗೆ ಸಿಗುವುದು 'ಆಂಜಿಯೋಟೆನ್ಸಿನ್-2'. ಇದು ರಕ್ತನಾಳವನ್ನು ಬಿಗಿಯುತ್ತದೆ, ಬಾಯಾರಿಕೆ ತರಿಸುತ್ತದೆ, ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಬಿಡಿಸಿ ಉಪ್ಪನ್ನು ಉಳಿಸಿಕೊಳ್ಳುವಂತೆ ಮಾಡುತ್ತದೆ. ಉಪ್ಪು ಉಳಿದರೆ ನೀರೂ ಉಳಿಯುತ್ತದೆ. ವಾಂತಿ-ಭೇದಿಯಾದಾಗ, ರಕ್ತಸ್ರಾವವಾದಾಗ ಜೀವ ಹಿಡಿದಿಡುವುದು ಇದೇ ಸರಪಳಿ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಎಷ್ಟೋ ತಾಯಂದಿರನ್ನು ಇದು ಉಳಿಸಿದೆ.

ಇದಕ್ಕೆ ಎದುರು ನಿಲ್ಲುವ ಹಾರ್ಮೋನೂ ಇದೆ, ಅದನ್ನು ತಯಾರಿಸುವುದು ಸ್ವತಃ ಹೃದಯ. 1981ರಲ್ಲಿ ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್ ಇದನ್ನು ತೋರಿಸಿಕೊಟ್ಟರು. ರಕ್ತ ಹೆಚ್ಚಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ 'ಉಪ್ಪನ್ನು ಹೊರಹಾಕು' ಎಂದು ಕಿಡ್ನಿಗೆ ಸಂದೇಶ ಹೋಗುತ್ತದೆ.

ಈ ಸರಪಳಿಯನ್ನು ಮುರಿಯುವ ಔಷಧದ ದಾರಿ ತೋರಿಸಿದ್ದು ಒಂದು ಹಾವು. ಬ್ರೆಜಿಲಿನ ಜರರಾಕಾ ಎಂಬ ಮಂಡಲ ಹಾವಿನ ಜಾತಿಯ ವಿಷದ ಮೇಲೆ ಸೆರ್ಜಿಯೋ ಫೆರೇರಾ ಮಾಡಿದ ಸಂಶೋಧನೆಯಿಂದ, ಎರಡನೆಯ ಕತ್ತರಿಯನ್ನು ತಡೆಯುವ ವಸ್ತು ಸಿಕ್ಕಿತು. ಅದರ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಇವತ್ತು 'ಪ್ರಿಲ್' ಎಂದು ಕೊನೆಗೊಳ್ಳುವ ಹೆಸರಿನ ಮಾತ್ರೆಗಳೆಲ್ಲ ಅದರ ತಂಗಿಯರು.

ಮೂರನೆಯ ಕಾವಲುಗಾರ: ಕಿಡ್ನಿ ಎಂಬ ಯಜಮಾನ

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ, ಉಳಿದದ್ದನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಒತ್ತಡ ಹೆಚ್ಚಾದರೆ ಹೆಚ್ಚು ಉಪ್ಪು, ನೀರನ್ನು ಹೊರಹಾಕುತ್ತವೆ. ಕಡಿಮೆಯಾದರೆ ಹಿಡಿದಿಡುತ್ತವೆ. ಒತ್ತಡ ತನ್ನ ಮಟ್ಟಕ್ಕೆ ಬರುವವರೆಗೆ ಈ ಕೆಲಸ ನಿಲ್ಲುವುದಿಲ್ಲ.

ಈ ಮಾತನ್ನು ಲೆಕ್ಕ ಹಾಕಿ ಹೇಳಿದವರು ಅಮೆರಿಕದ ಮಿಸಿಸಿಪ್ಪಿಯ ಆರ್ಥರ್ ಗೈಟನ್. ನಿಮ್ಮ ಮಕ್ಕಳು ಎಂ.ಬಿ.ಬಿ.ಎಸ್. ಓದಿದ್ದರೆ 'ಗೈಟನ್' ಎಂಬ ದಪ್ಪ ಪುಸ್ತಕ ಮನೆಯಲ್ಲಿದ್ದೀತು. ಅದರ ಲೇಖಕರು ಇವರೇ. ಶಸ್ತ್ರವೈದ್ಯರಾಗಲು ಹೊರಟಿದ್ದ ಅವರಿಗೆ ತರಬೇತಿಯ ಹೊತ್ತಿನಲ್ಲಿ ಪೋಲಿಯೋ ಬಂತು. ಕೈಕಾಲು ಬಲ ಕಳೆದುಕೊಂಡದ್ದರಿಂದ ಶಸ್ತ್ರಚಿಕಿತ್ಸೆ ಬಿಟ್ಟು ಶರೀರಕ್ರಿಯಾಶಾಸ್ತ್ರಕ್ಕೆ ಬಂದರು. 1972ರಲ್ಲಿ ಅವರು ತಮ್ಮ ಸಹೋದ್ಯೋಗಿಗಳೊಡನೆ ಇಡೀ ರಕ್ತಪರಿಚಲನೆಯನ್ನು ಮುನ್ನೂರಕ್ಕೂ ಹೆಚ್ಚು ಚೌಕಗಳ ಒಂದು ನಕ್ಷೆಯಾಗಿ ಬರೆದು ಕಂಪ್ಯೂಟರಿನಲ್ಲಿ ಓಡಿಸಿದರು. ನನ್ನಂಥ ಎಂಜಿನಿಯರಿಗೆ ಆ ನಕ್ಷೆ ನೋಡುವುದೇ ಒಂದು ಹಬ್ಬ.

ಅದೇ ಪ್ರಯೋಗಾಲಯದಲ್ಲಿ 1973ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನಾಯಿಗಳಲ್ಲಿ ಮೊದಲನೆಯ ಕಾವಲುಗಾರನ ನರಗಳನ್ನು ಕತ್ತರಿಸಿ, ದಿನದ 24 ಗಂಟೆಯೂ ಒತ್ತಡ ದಾಖಲಿಸಿದರು. ಒತ್ತಡ ಯದ್ವಾತದ್ವಾ ಏರಿಳಿಯಿತು. ಆದರೆ ದಿನದ ಸರಾಸರಿ ತೆಗೆದರೆ ಅದು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು! ಅಂದರೆ ಆ ಚುರುಕು ಕಾವಲುಗಾರನ ಕೆಲಸ ಏರಿಳಿತವನ್ನು ನಯಗೊಳಿಸುವುದು. ಮಟ್ಟ ಎಷ್ಟಿರಬೇಕು ಎಂದು ದೀರ್ಘಕಾಲಕ್ಕೆ ತೀರ್ಮಾನಿಸುವುದು ಕಿಡ್ನಿ ಎಂಬುದು ಗೈಟನ್ ಅವರ ವಾದ. ಕಿಡ್ನಿಗೆ ಹೋಗುವ ನರಗಳ ಪಾಲೂ ಇದರಲ್ಲಿ ದೊಡ್ಡದು ಎನ್ನುವವರಿದ್ದಾರೆ, ಆ ಚರ್ಚೆ ಇನ್ನೂ ನಡೆದಿದೆ. ಕಿಡ್ನಿಯನ್ನು ಬಿಟ್ಟು ಬಿ.ಪಿ.ಯ ಕತೆ ಹೇಳಲಾಗದು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಹಾಗಾದರೆ ಬಿ.ಪಿ. ಏರುವುದೇಕೆ? ನಮಗೆ ಗೊತ್ತಾಗದಿರುವುದೇಕೆ?

ಮೂವರು ಕಾವಲಿಗಿದ್ದೂ ಕಳ್ಳ ಒಳಗೆ ಬರುವುದು ಹೇಗೆ? ಇಲ್ಲಿ ಸ್ವಲ್ಪ ಗಮನ ಕೊಡಿ.

ಏ.ಸಿ.ಯನ್ನು 24ಕ್ಕೆ ಇಟ್ಟರೆ ಕೋಣೆಯನ್ನು 24ರಲ್ಲೇ ಇಡುತ್ತದೆ. ಯಾರೋ ರಿಮೋಟಿನಲ್ಲಿ 28 ಮಾಡಿದರೆ? ಏ.ಸಿ. ಕೆಟ್ಟಿಲ್ಲ, ಅಷ್ಟೇ ನಿಷ್ಠೆಯಿಂದ 28ರಲ್ಲಿ ಇಡುತ್ತದೆ. ಬಿ.ಪಿ. ಕಾಯಿಲೆಯಲ್ಲಿ ಆಗುವುದು ಇದೇ. ವರ್ಷಗಟ್ಟಲೆ ಹೆಚ್ಚು ಉಪ್ಪು, ಹೆಚ್ಚಿದ ತೂಕ, ವಂಶದ ಪಾಲು, ವಯಸ್ಸು, ನಿದ್ದೆಗೇಡು, ಜೋರು ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ, ಇವೆಲ್ಲ ಸೇರಿ ಕಿಡ್ನಿಯ ಮಟ್ಟವನ್ನು ನಿಧಾನಕ್ಕೆ ಮೇಲೆ ಸರಿಸುತ್ತವೆ. ಮೊದಲು 120ರಲ್ಲಿ ಹೊರಹಾಕುತ್ತಿದ್ದಷ್ಟೇ ಉಪ್ಪನ್ನು ಹೊರಹಾಕಲು ಅದಕ್ಕೆ ಈಗ 150 ಬೇಕು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ 'ಇದೊಂದೇ ಕಾರಣ' ಎಂದು ಬೆರಳು ತೋರಿಸಲಾಗುವುದಿಲ್ಲ.

ಮೊದಲನೆಯ ಕಾವಲುಗಾರ ಕೂಗಬೇಕಿತ್ತಲ್ಲವೇ? ಅವನು ಕೂಗುವುದು ಬದಲಾವಣೆಗೆ. ಒತ್ತಡ ಕೆಲವು ದಿನ ಮೇಲೆಯೇ ನಿಂತರೆ ಆ ನರಗಳು ಅದಕ್ಕೇ ಹೊಂದಿಕೊಂಡುಬಿಡುತ್ತವೆ. 150 ಅನ್ನೇ 'ಸರಿ' ಎಂದುಕೊಂಡು ಅದನ್ನೇ ಕಾಯತೊಡಗುತ್ತವೆ. ಹೀಗಾಗಿ ತಲೆ ನೋಯುವುದಿಲ್ಲ, ತಲೆ ಸುತ್ತುವುದಿಲ್ಲ, ಅಡುಗೆ ಆಫೀಸು ಎಲ್ಲ ನಡೆಯುತ್ತದೆ. ಆ ಹೊತ್ತಿಗೆ ಮಿದುಳು, ಕಣ್ಣು, ಹೃದಯ, ಕಿಡ್ನಿಗಳ ಸಣ್ಣ ರಕ್ತನಾಳಗಳು ಹಗಲೂ ರಾತ್ರಿ ಹೆಚ್ಚಿನ ಏಟು ತಿನ್ನುತ್ತಿರುತ್ತವೆ. 'ನನಗೇನೂ ಆಗ್ತಾ ಇಲ್ಲ' ಎಂಬ ಮಾತಿಗೆ ಉತ್ತರ ಇದು. ಏನೂ ಆಗದಂತೆ ಅನಿಸುವುದು ಈ ಕಾಯಿಲೆಯ ಗುಣವೇ. ಗೊತ್ತಾಗುವ ದಾರಿ ಒಂದೇ, ಅಳೆಯುವುದು.

ನನ್ನ ಸೋದರತ್ತೆಯೊಬ್ಬರು ಊರಿನಲ್ಲಿದ್ದಾರೆ. ಮಾತ್ರೆ ತಗೊಂಡು ಬಿ.ಪಿ. 126ಕ್ಕೆ ಬಂದಿತ್ತು. 'ಸರಿಯಾಯ್ತಲ್ಲ, ಇನ್ನು ಯಾಕೆ' ಎಂದು ಮಗಳ ಮದುವೆಯ ಓಡಾಟದಲ್ಲಿ ಬಿಟ್ಟರು. ಅವರಿಗೆ ಏನೂ ಅನಿಸಲಿಲ್ಲ. ಏಳು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬಲಗೈಯಿಂದ ಲೋಟ ಜಾರಿತು, ಮಾತು ತೊದಲಿತು. ಪಾರ್ಶ್ವವಾಯು. ಆಗ ಅವರಿಗೆ 58. ಈಗ ನಡೆಯುತ್ತಾರೆ, ಮಾತೂ ಬಂದಿದೆ. ಇಡೀ ಬೀದಿಯೇ ಬಂದು ನೋಡುವಂತೆ ರಂಗೋಲಿ ಹಾಕುತ್ತಿದ್ದ ಕೈಯಲ್ಲಿ ಈಗ ಗೆರೆ ನಿಲ್ಲುವುದಿಲ್ಲ. ಅವರೇ ನನಗೆ ಫೋನಿನಲ್ಲಿ, 'ಸಭೆಯಲ್ಲಿ ನನ್ನ ವಿಷಯ ಹೇಳು ಮಾರಾಯ್ತಿ, ನಾಲ್ಕು ಜನ ಮಾತ್ರೆ ಬಿಡದಿದ್ದರೆ ಸಾಕು' ಎಂದರು. ಅದಕ್ಕೇ ಹೇಳಿದೆ.

ಮಾತ್ರೆ ಮಾಡುವುದೇನು?

ಮಾತ್ರೆ ಕಿಡ್ನಿಯ ರಿಮೋಟನ್ನು ಶಾಶ್ವತವಾಗಿ ಕೆಳಗೆ ಇಳಿಸುವುದಿಲ್ಲ. ಇದ್ದಷ್ಟು ಹೊತ್ತು ಯಾವುದೋ ಒಂದು ಗುಂಡಿಯನ್ನು ಒತ್ತಿ ಹಿಡಿದಿರುತ್ತದೆ. 'ಪ್ರಿಲ್', 'ಸಾರ್ಟನ್' ಎಂದು ಕೊನೆಗೊಳ್ಳುವವು ಹಾರ್ಮೋನಿನ ಸರಪಳಿಯನ್ನು ತಡೆಯುತ್ತವೆ. ಆಮ್ಲೋಡಿಪಿನ್ ರಕ್ತನಾಳದ ಸ್ನಾಯುವನ್ನು ಸಡಿಲಿಸುತ್ತದೆ. 'ನೀರಿನ ಮಾತ್ರೆ' ಕಿಡ್ನಿಯಿಂದ ಉಪ್ಪನ್ನು ಹೊರಕಳಿಸುತ್ತದೆ. 'ಲಾಲ್' ಎಂದು ಕೊನೆಗೊಳ್ಳುವವು ಹೃದಯದ ಓಟವನ್ನು ತಗ್ಗಿಸುತ್ತವೆ. ಒಬ್ಬ ಕಾವಲುಗಾರನನ್ನು ತಡೆದರೆ ಉಳಿದಿಬ್ಬರು 'ಒತ್ತಡ ಬಿತ್ತು' ಎಂದು ಮೇಲೆ ಎತ್ತಲು ನೋಡುತ್ತಾರೆ. ಆದ್ದರಿಂದಲೇ ಕೆಲವರಿಗೆ ಒಂದು ಮಾತ್ರೆ ಸಾಲದೆ, ಎರಡು ಬೇರೆ ಬೇರೆ ಜಾತಿಯವನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಕಾಯಿಲೆ ಉಲ್ಬಣಿಸಿತು ಎಂದು ಹೆದರಬೇಕಿಲ್ಲ.

ಈಗ ಆ ಎರಡನೆಯ ಮಾತಿಗೆ ಉತ್ತರ ಸಿಕ್ಕಿತು. ನಾರ್ಮಲ್ ಬಂದದ್ದು ಮಾತ್ರೆಯಿಂದ. ಕನ್ನಡಕ ಹಾಕಿಕೊಂಡು ಅಕ್ಷರ ಕಂಡಿತು ಎಂದು ಕನ್ನಡಕ ಎಸೆಯುತ್ತೇವೆಯೇ? 'ಬಿಡೋಕಾಗಲ್ಲ' ಎಂಬ ಮೂರನೆಯ ಮಾತೂ ಅಷ್ಟೇ. ಮಾತ್ರೆ ಚಟ ಹಿಡಿಸುವುದಿಲ್ಲ. ಮುಂದುವರಿಯುವುದು ಕಾಯಿಲೆ, ಅದಕ್ಕೇ ಮಾತ್ರೆಯೂ ಮುಂದುವರಿಯಬೇಕು. ತೂಕ ಇಳಿಸಿ, ಉಪ್ಪು ತಗ್ಗಿಸಿ, ನಡಿಗೆ ರೂಢಿಸಿಕೊಂಡವರಿಗೆ ಡಾಕ್ಟರೇ ಪ್ರಮಾಣ ಕಡಿಮೆ ಮಾಡುವುದುಂಟು. ನಾವಾಗಿ ತಟ್ಟನೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ. ಕೆಲವು ಮಾತ್ರೆಗಳಲ್ಲಂತೂ ಅದು ಒಮ್ಮೆಗೇ ಜಿಗಿಯುತ್ತದೆ.

ನಮ್ಮ ಮುಂಬಯಿಗೂ ಈ ಚರಿತ್ರೆಯಲ್ಲಿ ದೊಡ್ಡ ಜಾಗವಿದೆ. ಹಳ್ಳಿ ವೈದ್ಯರು ಬಳಸುತ್ತಿದ್ದ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಈ ಊರಿನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳಲ್ಲಿ ಪರೀಕ್ಷಿಸಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಇಡೀ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರ ಬೇರ್ಪಟ್ಟಿತು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಆದರೆ ರೆಸರ್ಪಿನ್ ಹೆಚ್ಚಿದರೆ ಮನಸ್ಸು ಕುಗ್ಗುತ್ತದೆ ಎಂದೂ ಮುಂದೆ ವೈದ್ಯರು ಎಚ್ಚರಿಸಿದರು. ಆದ್ದರಿಂದ ವಾಟ್ಸ್ಯಾಪಿನಲ್ಲಿ ಬಂದ ಸರ್ಪಗಂಧದ ಪುಡಿಯನ್ನು ಮಾತ್ರೆಯ ಬದಲಿಗೋ ಜೊತೆಗೋ ತಗೊಳ್ಳಬೇಡಿ.

ಹೆಂಗಸರು ವಿಶೇಷವಾಗಿ ತಿಳಿಯಬೇಕಾದದ್ದು

ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಆದರೂ ರಕ್ತನಾಳಗಳು ಸಡಿಲಗೊಳ್ಳುವುದರಿಂದ ನಡು ತಿಂಗಳುಗಳಲ್ಲಿ ಬಿ.ಪಿ. ಸ್ವಲ್ಪ ಇಳಿಯುವುದು ಸಹಜ. ಇಳಿಯಬೇಕಾದದ್ದು 20 ವಾರಗಳ ನಂತರ 140/90 ಮುಟ್ಟಿದರೆ ತಕ್ಷಣ ಡಾಕ್ಟರನ್ನು ಕಾಣಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಊದಿಕೊಳ್ಳುವುದು, ಇವು ಎಚ್ಚರಿಕೆಯ ಗಂಟೆಗಳು. 160/110 ಆದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಮೇಲೂ ಕೆಲವು ವಾರ ಈ ಅಪಾಯ ಇರುತ್ತದೆ. ಬಾಣಂತನದಲ್ಲಿ ಮಗುವಿನ ತೂಕದ ಜೊತೆ ತಾಯಿಯ ಬಿ.ಪಿ.ಯನ್ನೂ ನೋಡಿ. ಗರ್ಭಿಣಿಯಾಗಿದ್ದಾಗ ಬಿ.ಪಿ. ಬಂದವರಿಗೆ ಮುಂದೆಯೂ ಬರುವ ಸಾಧ್ಯತೆ ಹೆಚ್ಚು, ಅವರು ವರ್ಷಕ್ಕೊಮ್ಮೆಯಾದರೂ ಅಳೆಸಬೇಕು. 'ಪ್ರಿಲ್', 'ಸಾರ್ಟನ್' ಮಾತ್ರೆಗಳು ಗರ್ಭಿಣಿಯರಿಗೆ ಸಲ್ಲವು. ಮಗುವಿನ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ.

ಮುಟ್ಟು ನಿಂತ ಮೇಲೆ ರಕ್ತನಾಳಗಳು ಬೇಗ ಗಡುಸಾಗಿ, ಅದುವರೆಗೆ ಗಂಡಸರಿಗಿಂತ ಕೆಳಗಿದ್ದ ನಮ್ಮ ಬಿ.ಪಿ. ಅವರನ್ನು ಹಿಡಿಯುತ್ತದೆ. ಯಜಮಾನರ ಚೆಕಪ್ಪಿಗೆ ಜೊತೆಗೆ ಹೋಗುವ ಅಮ್ಮಂದಿರೇ, ಅಲ್ಲಿಯೇ ನಿಮ್ಮ ತೋಳನ್ನೂ ಚಾಚಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಕಿಡ್ನಿಯಲ್ಲಿ ಉಪ್ಪನ್ನು ಹಿಡಿದಿಡುತ್ತವೆ, ಬಿ.ಪಿ. ಏರಿಸುತ್ತವೆ. ಗರ್ಭನಿರೋಧಕ ಮಾತ್ರೆಗಳಿಂದಲೂ ಕೆಲವರಿಗೆ ಏರುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

ಅಳೆಯುವ ಕ್ರಮ ಹೀಗೆ. ಅರ್ಧ ಗಂಟೆ ಮೊದಲು ಕಾಫಿ, ಚಹಾ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತಬೇಡಿ, ಬರಿಯ ತೋಳಿಗೆ ಸುತ್ತಿ. ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇಕು, ಚಿಕ್ಕದರಲ್ಲಿ ಸುಳ್ಳು ಹೆಚ್ಚಳ ಕಾಣುತ್ತದೆ. ತೋಳು ಹೃದಯದ ಮಟ್ಟದಲ್ಲಿರಲಿ. ಅಳೆಯುವಾಗ ಮಾತಾಡಬೇಡಿ, ನಮಗೆ ಇದೇ ಕಷ್ಟ! ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ದಿನಾಂಕದೊಡನೆ ಬರೆದಿಡಿ. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಅಥವಾ ಹೆಚ್ಚು ಮತ್ತೆ ಮತ್ತೆ ಬಂದರೆ ಡಾಕ್ಟರನ್ನು ಕಾಣಿ. ಒಂದು ಸಲದ ಸಂಖ್ಯೆಗೆ ಗಾಬರಿಯೂ ಬೇಡ, ಸಮಾಧಾನವೂ ಬೇಡ.

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಬ್ಬರಿಗೆ ಒಂದು ಚಹಾ ಚಮಚ, ಎಲ್ಲ ಅಡುಗೆಯೂ ಸೇರಿ. ಊಟಕ್ಕೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಸಂಜೆ ಫರಸಾಣ, ವಡಾಪಾವ್ ಆದರೆ ಆ ಚಮಚ ಅಲ್ಲೇ ಖಾಲಿಯಾಯಿತು. ಸೈಂಧವ ಉಪ್ಪು ಕೂಡ ಉಪ್ಪೇ. ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪನ್ನು ಕಿಡ್ನಿ ತೊಂದರೆ ಇರುವವರು ಮತ್ತು 'ಪ್ರಿಲ್', 'ಸಾರ್ಟನ್' ತಗೊಳ್ಳುವವರು ಕೇಳದೆ ಬಳಸಬಾರದು. ನಾಲಿಗೆ ಕೆಲವು ವಾರಗಳಲ್ಲಿ ಹೊಸ ರುಚಿಗೆ ಹೊಂದಿಕೊಳ್ಳುತ್ತದೆ. ಹುಳಿ, ಕೊತ್ತಂಬರಿ, ಒಗ್ಗರಣೆ ಮುಂದಿಟ್ಟು ಉಪ್ಪನ್ನು ಹಿಂದಿಡಿ.

ನಮ್ಮ ಸಂಘದ ಕಚೇರಿಯಲ್ಲಿ ಒಂದು ಬಿ.ಪಿ. ಯಂತ್ರ, ಒಂದು ದೊಡ್ಡ ಪಟ್ಟಿ ಮತ್ತು ಒಂದು ನೋಟ್‌ಬುಕ್ ಇಡೋಣ ಎಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ತಿಂಗಳ ಭಜನೆಗೆ ಬಂದವರು ಹತ್ತು ನಿಮಿಷ ಮೊದಲು ಬಂದು ಅಳೆಸಿಕೊಂಡು ಹೋಗಲಿ. ಮೊದಲ ಭಾನುವಾರ ಯಂತ್ರದ ಪಕ್ಕದಲ್ಲಿ ನಾನು ಕೂರುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ಊರಿನಲ್ಲಿರುವ ಅಮ್ಮನಿಗೋ ಅತ್ತೆಗೋ ಒಂದು ಫೋನ್ ಮಾಡಿ, 'ಬಿ.ಪಿ. ಮಾತ್ರೆ ಇದೆಯಾ, ಮುಗಿದಿದೆಯಾ?' ಎಂದು ಕೇಳಿ.

 ಹೊರಗೆ ಚಹಾ ಸಿದ್ಧವಾಗಿದೆಯಂತೆ. ಏಳುವಾಗ ನಿಧಾನಕ್ಕೆ ಏಳಿ.